ಚಕ್ಕುಲಿ ಅಂಗಡಿಗೆ ಇಂಟರ್ನೆಟ್ ಹುಡುಕಿದ್ದು

ನಾನು ಏನೇ ಸಣ್ಣ ಸಾಮಾನು ಕೊಳ್ಳಲು ಹೊರಟರೂ ಅದು ಸಣ್ಣದಾಗಿ ಮುಗಿಯುವುದಿಲ್ಲ. ಮದುವೆಯಾಗಿ ಮೈಸೂರಿನಿಂದ ಈ ವಿಲೆ ಪಾರ್ಲೆಗೆ ಬಂದ ಹೊಸದರಲ್ಲಿ ಸೀಮೆಎಣ್ಣೆ ಸ್ಟೌ ಕೊಳ್ಳಲು ಹೋಗಿ, ಅಂಗಡಿಯವನ ತಂಗಿಗೆ ವರ ಗೊತ್ತುಮಾಡಿ ಬಂದವಳು ನಾನು. ಸ್ಟೌ ತರುವುದು ಮರೆತೇ ಹೋಗಿತ್ತು. ಇನ್ನು ಇಂಟರ್ನೆಟ್ ಕೊಳ್ಳುವುದು ಸುಮ್ಮನೆ ಮುಗಿದೀತೇ?

ಸಂಗತಿ ಇಷ್ಟು. ನನ್ನ ಸೊಸೆ ಬ್ಯಾಂಕಿನ ಕೆಲಸ ಬಿಟ್ಟು ನಮ್ಮ ಬಿಲ್ಡಿಂಗಿನ ಕೆಳಗೇ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿಯ ಅಂಗಡಿ ಇಟ್ಟಳು. ಕರಿಯುವುದು ನಾನು, ಮಾರುವುದು ಅವಳು. ಆರ್ಡರುಗಳೆಲ್ಲ ಆ್ಯಪ್‌ನಲ್ಲಿ ಬರಬೇಕು. ಆದರೆ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ನಮ್ಮ ಅಂಗಡಿಗೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದು ಹೋದಾಗಲೆಲ್ಲ, ನಾವು ಬಾಗಿಲು ತೆರೆದುಕೊಂಡು ಕೂತಿದ್ದರೂ, ಆ್ಯಪ್ ಮಾತ್ರ 'ಅಂಗಡಿ ಮುಚ್ಚಿದೆ' ಎಂದು ಊರಿಗೆಲ್ಲ ಸಾರುತ್ತಿತ್ತು.

"ಅತ್ತೆ, ದೀಪಾವಳೀಲೂ ಹೀಗೇ ಆದ್ರೆ ಶಟರ್ ಎಳೆದು ವಾಪಸ್ ಜಾಬ್‌ಗೆ ಹೋಗ್ತೀನಿ, ಬಸ್" ಎಂದಳು ಸೊಸೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಹಾಗೆಯೇ. 'ಬಸ್' ಎಂದರೆ ಮಾತು ಮುಗಿಯಿತು ಎಂದರ್ಥ. ಅಂಗಡಿ ಉಳಿಯಬೇಕಾದರೆ ಹಬ್ಬದೊಳಗೆ ಒಂದು ಒಳ್ಳೆಯ ಬ್ರಾಡ್‌ಬ್ಯಾಂಡ್ ಹುಡುಕಲೇಬೇಕಾಯಿತು.

೧. ನೂರರವರೆಗೆ

ಮೊದಲು ಬಂದವನು ಒಂದು ದೊಡ್ಡ ಕಂಪನಿಯ ಸೇಲ್ಸ್‌ನವನು. ಟೈ ಕಟ್ಟಿದ್ದ. ರುಚಿ ನೋಡಲೆಂದು ಇಟ್ಟಿದ್ದ ಚಕ್ಕುಲಿಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಲೇ ಹಿಂದಿಯಲ್ಲಿ ಶುರುಮಾಡಿದ.

"ನೂರು ಸ್ಪೀಡ್ ಆಂಟೀಜಿ. ಇಡೀ ಸಿನಿಮಾ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಳಿದುಬಿಡುತ್ತೆ."

"ಸಿನಿಮಾ ಬೇಡಪ್ಪ, ಆರ್ಡರ್ ಇಳಿದರೆ ಸಾಕು."

ಸೊಸೆ ಅವನು ಕೊಟ್ಟ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. "ಇಲ್ಲಿ ನೂರು ಅಂತ ಇಲ್ಲ. ನೂರರವರೆಗೆ ಅಂತ ಇದೆ."

"ಎಲ್ಲ ಕಂಪನಿಯವರೂ ಹಾಗೇ ಬರೆಯೋದು ಮೇಡಂ. ಒಂದೊಂದು ದಿನ ಹತ್ತು ಬರಬಹುದು. ಹತ್ತೂ ನೂರರ ಒಳಗೇ ತಾನೇ?"

ನಾನು ಒಂದು ಪೊಟ್ಟಣ ಎತ್ತಿ ತೋರಿಸಿದೆ. "ಹಾಗಾದರೆ ನಾನೂ ಇದರ ಮೇಲೆ 'ಅರ್ಧ ಕಿಲೋವರೆಗೆ' ಅಂತ ಅಚ್ಚು ಹಾಕಿಸಲಾ?"

ಅವನು ಬಾಯಲ್ಲಿದ್ದುದನ್ನು ನುಂಗಿ, ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಹಾಗೆಲ್ಲ ಮಾಡಬೇಡಿ ಆಂಟೀಜಿ. ಅದು ಮೋಸ. ಕೇಸ್ ಹಾಕ್ತಾರೆ."

೨. ಇಲ್ಲದ ಕನೆಕ್ಷನ್ನಿನ ದೂರು

ಮಾರುವಾಗ ಎಲ್ಲರೂ ನಯವಾಗಿಯೇ ಮಾತಾಡುತ್ತಾರೆ. ಕೆಟ್ಟಾಗ ಯಾರು ಮಾತಾಡುತ್ತಾರೆ ಎಂದು ನೋಡಬೇಕು. ಹೀಗೆ ಯೋಚಿಸಿ ನಾನು ಎರಡನೆಯ ಕಂಪನಿಯ ದೂರಿನ ನಂಬರಿಗೆ ಫೋನ್ ಮಾಡಿದೆ. ಕನೆಕ್ಷನ್ ತೆಗೆದುಕೊಳ್ಳುವುದು ಆಮೇಲಿನ ಮಾತು.

ಒಂದು ಒಬ್ಬೆ ಕೋಡುಬಳೆ ಬೇಯುವವರೆಗೂ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ನಿಮ್ಮ ಗ್ರಾಹಕ ಸಂಖ್ಯೆ?"

"ನಾನಿನ್ನೂ ಗ್ರಾಹಕಳಾಗಿಲ್ಲಮ್ಮ."

"ಹಾಗಾದರೆ ದೂರು ಏನು?"

"ನೀವು ಇಷ್ಟು ಹೊತ್ತು ಫೋನ್ ಎತ್ತಲಿಲ್ಲ, ಅದೇ."

ಅವಳು ಪಾಪ, ಟಕಟಕ ಏನೋ ಒತ್ತಿ, ಅಂಗಡಿಯ ವಿಳಾಸ ಬರೆದುಕೊಂಡು, ದೂರು ದಾಖಲಾಗಿದೆ ಎಂದಳು. ಮಾರನೆಯ ದಿನ ಒಬ್ಬ ಎಂಜಿನಿಯರ್ ಬಂದ. ಅಂಗಡಿಯ ಗೋಡೆಯನ್ನೆಲ್ಲ ತಡಕಿ, "ನಿಮ್ಮ ತಂತಿಯೇ ಕಳುವಾಗಿದೆ" ಎಂದು ಗಾಬರಿಯಾದ. ತಂತಿ ಹಾಕಿಯೇ ಇಲ್ಲ ಎಂದು ತಿಳಿಸಿ ಕಳಿಸಿದೆವು. ಅವನು ಬೀದಿಯ ತಿರುವು ದಾಟುವ ಮೊದಲೇ ಫೋನಿಗೆ ಮೆಸೇಜ್ ಬಂತು: 'ನಿಮ್ಮ ಇಂಟರ್ನೆಟ್ ಈಗ ಸರಿಯಾಗಿದೆ. ಧನ್ಯವಾದಗಳು.'

೩. ಗಟ್ಟಿ ಯಾವುದು

ಸಾಂತಾಕ್ರೂಜ್‌ನಲ್ಲಿ ನಮಗೆ ಪರಿಚಯದ ಉಡುಪಿಯವರೊಬ್ಬರ ಹೋಟೆಲಿದೆ. ಅಲ್ಲಿ ಎಷ್ಟು ಜನ ಬಂದರೂ ಫೋನಿನಲ್ಲೇ ದುಡ್ಡು ಕೊಟ್ಟು ಹೋಗುತ್ತಾರೆ. ಅವರನ್ನೇ ಕೇಳೋಣ ಎಂದು ಹೋದೆ. ಗಲ್ಲಾದ ಮೇಲೆ, ದೇವರ ಪಟದ ಎರಡೂ ಪಕ್ಕಕ್ಕೆ ಒಂದೊಂದು ಮೋಡೆಮ್. ಎರಡಕ್ಕೂ ಕುಂಕುಮ.

"ಸ್ಪೀಡ್ ನೋಡ್ಬೇಡಿ ಅಮ್ಮ" ಎಂದರು ಮಾಲೀಕರು. "ರಿಪೇರಿಯವ ಎಷ್ಟು ಹತ್ತಿರ ಇದ್ದಾನೆ, ಅದು ನೋಡಿ. ನಮ್ಮಲ್ಲಿ ಎರಡು ಕಂಪನಿದು ಉಂಟು. ಒಂದು ಹೋದ್ರೆ ಇನ್ನೊಂದು."

"ಎರಡೂ ಹೋದರೆ?"

ಅವರು ಗಲ್ಲಾದ ಕೆಳಗಿನಿಂದ ಒಂದು ಬೋರ್ಡು ತೆಗೆದು ತೋರಿಸಿದರು. 'ಇಂದು ನಗದು ಮಾತ್ರ.'

"ಈ ಮೂರರಲ್ಲಿ ಯಾವುದು ಗಟ್ಟಿ?"

"ಬೋರ್ಡೇ" ಎಂದರು, ಒಂದಿಷ್ಟೂ ನಗದೆ. "ಒಂದು ದಿನ ಸಹ ಕೈಕೊಟ್ಟದ್ದಿಲ್ಲ."

೪. ಆಡಬಾರದಿದ್ದ ಮಾತು

ರಿಪೇರಿಯವ ಹತ್ತಿರ ಇರಬೇಕು ಎಂದಮೇಲೆ, ನಮ್ಮ ಗಲ್ಲಿಯ ಕೇಬಲ್‌ನವನನ್ನು ಕರೆಸಿದೆ. ಮನೆಮನೆಗೆ ಟಿವಿಯ ಜೊತೆ ಇಂಟರ್ನೆಟ್ಟೂ ಕೊಡುತ್ತಾನೆ. ನಮ್ಮ ಬಿಲ್ಡಿಂಗಿನ ಹಿಂದಿರುವ ಚಾಳಿನ ಸಾಲುಮನೆಗಳಲ್ಲೇ ಅವನ ಮನೆ. ಟೈ ಇಲ್ಲ, ಕಾಗದ ಇಲ್ಲ, ಹೆಗಲ ಮೇಲೆ ತಂತಿಯ ಸುರುಳಿ ಒಂದೇ. ಸೊಸೆ ನನ್ನ ಕಿವಿಯಲ್ಲಿ, "ಅತ್ತೆ, ಇವನು ಪ್ರೊಫೆಷನಲ್ ಅನ್ನಿಸಲ್ಲ" ಎಂದಳು.

ನಾನು ಮರಾಠಿಯಲ್ಲಿ ಕೇಳಿದೆ: "ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು?"

"ನನಗೇ, ಆಜಿ."

"ನೀನು ಎತ್ತದಿದ್ದರೆ?"

ಅವನು ತಲೆ ಕೆರೆದುಕೊಂಡ. "ಎತ್ತುತ್ತೇನೆ ಆಜಿ. ಇಲ್ಲದಿದ್ದರೆ ಮನೆಯಲ್ಲಿ ಆಯಿ ಇರ್ತಾಳೆ."

ಆಜಿ ಎಂದರೆ ಅಜ್ಜಿ, ಅಂದರೆ ನಾನು; ಆಯಿ ಎಂದರೆ ಅವನ ತಾಯಿ. "ಅವಳ ನಂಬರ್ ಕೊಡು" ಎಂದೆ. ಕೊಟ್ಟ. ಅವನನ್ನೇ ಆರಿಸಿದೆವು. ಪಾಪ, ತಾನು ಏನು ಕೊಟ್ಟೆ ಎಂದು ಅವನಿಗಾಗ ಗೊತ್ತಿರಲಿಲ್ಲ.

೫. ಆಯಿ

ದೀಪಾವಳಿಯ ವಾರ. ದೂರದ ಮಲಾಡ್‌ನಿಂದಲೂ ಆರ್ಡರ್ ಬರುತ್ತಿದ್ದವು. ಮಧ್ಯಾಹ್ನ ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಮೋಡೆಮ್‌ನಲ್ಲಿ ಕೆಂಪು ದೀಪ. ಸೊಸೆ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಹೋಯ್ತು ಅತ್ತೆ" ಎಂದಳು, ಅಷ್ಟೇ. 'ಬಸ್' ಎನ್ನಲೂ ಅವಳಲ್ಲಿ ಶಕ್ತಿಯಿರಲಿಲ್ಲ.

ಕೇಬಲ್‌ನವನು ಫೋನ್ ಎತ್ತಲಿಲ್ಲ. ಆಯಿ ಎತ್ತಿದಳು. ವಿಷಯ ಕೇಳಿ, "ಫೋನ್ ಇಡು" ಎಂದಳು. ಅವಳು ಮಗನಿಗೆ ಫೋನ್ ಮಾಡಲಿಲ್ಲ. ಚಾಳಿನ ಗ್ಯಾಲರಿಯಲ್ಲಿ ನಿಂತು, ಮಗ ಯಾವುದೋ ತಾರಸಿಯ ಮೇಲಿದ್ದಾನೆಂಬ ಅಂದಾಜಿನಲ್ಲಿ, ಆಕಾಶಕ್ಕೆ ಮುಖ ಮಾಡಿ ಕೂಗಿದಳು. ಹಬ್ಬದ ದಿನ ಅತ್ತೆ ಸೊಸೆಯರ ಹೊಟ್ಟೆಯ ಮೇಲೆ ಹೊಡೆದವನು ತನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದ ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ವಿಚಾರಿಸಿದಳು.

ಅವನು ಓಡಿ ಬಂದ. "ಆಜಿ, ಆಯಿಗೆ ಯಾಕೆ ಹೇಳಿದಿರಿ? ಗಲ್ಲಿಯೆಲ್ಲ ನಗ್ತಿದೆ" ಎನ್ನುತ್ತಲೇ ಏಣಿ ಹತ್ತಿದ. ನೋಡಿದರೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ದೊಡ್ಡ ಆಕಾಶಬುಟ್ಟಿಯನ್ನು ನಮ್ಮ ತಂತಿಗೇ ಕಟ್ಟಿದ್ದರಿಂದ ತಂತಿ ಕಿತ್ತು ಬಂದಿತ್ತು. ಸರಿಮಾಡಿದ. ನಿಂತಿದ್ದ ಆರ್ಡರುಗಳು ಮತ್ತೆ ಟಣಟಣ ಎನ್ನತೊಡಗಿದವು. ಹಬ್ಬ ಮುಗಿಯುವಾಗ ಡಬ್ಬಿಗಳ ತಳ ಕಾಣುತ್ತಿತ್ತು. ಬ್ಯಾಂಕಿನಿಂದ ಹಳೆಯ ಮ್ಯಾನೇಜರ್ ಫೋನ್ ಮಾಡಿ ವಾಪಸ್ ಬರುತ್ತೀಯಾ ಎಂದಾಗ ಸೊಸೆ, "ಸಾರಿ ಸರ್, ಅಂಗಡಿ ಬಿಟ್ಟು ಬರೋಕಾಗಲ್ಲ" ಎಂದಳು. ನಾನು ಒಳಗೆ ಹೋಗಿ ಒಲೆ ಆರಿಸಿ, ಎಷ್ಟೋ ದಿನದ ಮೇಲೆ ಕಾಲು ಚಾಚಿ ಕೂತೆ.

ಅದರ ಮುಂದಿನ ವಾರ ಆಯಿಯೇ ಫೋನ್ ಮಾಡಿದಳು. "ನೆಟ್ ಹೇಗಿದೆ?"

"ಚೆನ್ನಾಗಿದೆ."

"ಪೂರ್ತಿ ಚೆನ್ನಾಗಿದೆಯಾ?"

"ಪೂರ್ತಿ."

ಆಗ ಆಯಿ ಮೆಲ್ಲಗೆ, "ಕೆಟ್ಟಿದೆ ಅಂತ ಅವನಿಗೊಂದು ಫೋನ್ ಮಾಡ್ತೀಯಾ? ನಾನು ಕರೆದರೆ ಊಟಕ್ಕೆ ಬರಲ್ಲ. ಕಂಪ್ಲೇಂಟ್ ಅಂದ್ರೆ ಓಡಿ ಬರ್ತಾನೆ, ಅಲ್ಲಿಂದ ಮನೆಗೆ ಕಳಿಸು" ಎಂದಳು.

ಮಾಡಿದೆ. ಹತ್ತಿರದಲ್ಲೇ ಇದ್ದನೋ ಏನೋ, ಬೇಗ ಬಂದ. ಮೋಡೆಮ್‌ನ ಹಸಿರು ದೀಪ ನೋಡಿದ. ಆರ್ಡರ್ ಪ್ಯಾಕ್ ಮಾಡುತ್ತಿದ್ದ ಸೊಸೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿ, ತಂತಿಯ ಸುರುಳಿಯನ್ನು ಹೆಗಲಿನಿಂದ ಇಳಿಸುತ್ತಾ ಕೇಳಿದ:

"ಆಜಿ, ಇವತ್ತು ಊಟಕ್ಕೆ ಆಯಿ ಏನು ಮಾಡಿದ್ದಾಳೆ?"