ಲಿಂಗೈಕ್ಯರ ಲಗ್ನಪತ್ರಿಕೆ

ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಎದುರಿಗಿದ್ದವರು ತಾವೇ ತಿಳಿದುಕೊಳ್ಳುತ್ತಾರೆ ಎಂದು ನಂಬಿ ಸಂಸಾರ ಮಾಡಿದವನು ನಾನು. ಸಾಕು ಎನ್ನದೆ ಕೂತು, ಹೆಂಡತಿ ಬಡಿಸುತ್ತಲೇ ಹೋದ ರೊಟ್ಟಿ ತಿಂದು ಹೊಟ್ಟೆ ಹಿಡಿದುಕೊಂಡದ್ದೂ ಉಂಟು. ಆದರೂ ಬುದ್ಧಿ ಬರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನಿದ್ದ ಬಾಗಲಕೋಟೆಯ ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂತು. ಅಕ್ಷರ ಜೋಡಿಸುವ ಕೆಲಸ ನನ್ನದು. ಅದರಲ್ಲಿ ಶೀರ್ಷಿಕೆ, ಪ್ಯಾರಾ, ದಪ್ಪಕ್ಷರ ಪ್ರತಿಯೊಂದಕ್ಕೂ ಶುರುವಾಯಿತೆಂಬ ಗುರುತು, ಮುಗಿಯಿತೆಂಬ ಗುರುತು ಹಾಕಬೇಕು. ಒಮ್ಮೆ ಪ್ಯಾರಾ ಮುಗಿಸುವ ಗುರುತನ್ನು ಮರೆತೆ. ಯಂತ್ರ ತಕರಾರು ಮಾಡಲಿಲ್ಲ. ಹೊಸ ಪ್ಯಾರಾ ಶುರುವಾದದ್ದು ಕಂಡು, ಹಳೆಯದು ಮುಗಿದಿರಬೇಕೆಂದು ತಾನೇ ತಿಳಿದುಕೊಂಡಿತು. ಮನೆಯವಳಿಗಿಂತ ಇದಕ್ಕೇ ನನ್ನ ಮನಸ್ಸು ಗೊತ್ತಾಗುತ್ತದೆ ಎಂದು ಹಿಗ್ಗಿ, ಮುಗಿಸುವ ಗುರುತುಗಳನ್ನೇ ಬಿಟ್ಟುಬಿಟ್ಟೆ.

ಆಗ ಬಂತು ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರಿ ಬಸಪ್ಪನವರ ಮಗಳ ಲಗ್ನಪತ್ರಿಕೆ. ತೀರಿಕೊಂಡ ಹಿರಿಯರಿಗೆ ‘ಲಿಂಗೈಕ್ಯ’ ಎಂದು ಹಚ್ಚಲು ನಾನೊಂದು ಗುರುತು ಮಾಡಿಟ್ಟಿದ್ದೆ. ಅದನ್ನು ಹಾಕಿದರೆ, ಸಾಕು ಎನ್ನುವವರೆಗೆ ಕೆಳಗಿನ ಪ್ರತಿ ಹೆಸರಿನ ಮುಂದೂ ಯಂತ್ರವೇ ಆ ಮಾತು ಸೇರಿಸುತ್ತಿತ್ತು. ಸಾಕು ಎನ್ನುವುದನ್ನು ನಾನು ಹಾಕಲಿಲ್ಲ. ಹೋದವರು ಎಲ್ಲಿ ಮುಗಿದು ಇದ್ದವರು ಎಲ್ಲಿ ಶುರುವಾದರೆಂದು ಪಾಪ, ಅದಕ್ಕೇನು ಗೊತ್ತು?

ಮಾಲೀಕರು ಪ್ರೂಫನ್ನು ಓದದೆಯೇ ಗುಳೇದಗುಡ್ಡದ ಬಸ್ಸಿಗೆ ಕೊಟ್ಟು ಕಳಿಸಿದ್ದರು. ಮೇಜಿನ ಮೇಲಿದ್ದ ಇನ್ನೊಂದು ಪ್ರತಿಯ ಮೇಲೆ ಕಣ್ಣಾಡಿಸಿದೆ. ಲಿಂಗೈಕ್ಯ ಬಸಪ್ಪ. ಲಿಂಗೈಕ್ಯ ವರ. ಲಿಂಗೈಕ್ಯ ವಧು! ಬಸಪ್ಪನವರು ಎದೆನೋವೆಂದು ದವಾಖಾನೆ ಸೇರಿ ಮೊನ್ನೆಯಷ್ಟೇ ಮನೆಗೆ ಬಂದವರು. ಇದನ್ನು ಓದಿ ಏನಾದರೂ ಆದರೆ, ಅಚ್ಚಾದದ್ದು ನಿಜವೇ ಆಗಿಬಿಡುತ್ತದಲ್ಲ!

ಸಿಕ್ಕ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಎದೆ ಹಿಡಿದುಕೊಂಡದ್ದು ನಾನು. ಅವರ ಮನೆ ಮುಂದೆ ಚಪ್ಪಲಿಗಳ ರಾಶಿ! ಮುಗಿಯಿತು ಎಂದುಕೊಂಡು ಕಂಬ ಹಿಡಿದು ನಿಂತೆ. ಮದುವೆಯ ಮಾತುಕತೆಗೆ ಬಂದ ಬೀಗರ ಚಪ್ಪಲಿಗಳೆಂದು ತಿಳಿದದ್ದು, ಒಳಗಿನಿಂದ ಬಸಪ್ಪನವರದೇ ದನಿ ಕೇಳಿದಾಗ.

“ಬರ್ರಿ ಈರಣ್ಣ. ನಾ ಹೋಗೇನೋ ಇಲ್ಲೋ ನೋಡಾಕ ಬಂದ್ರೇನು?”

“ತಪ್ಪಾತ್ರಿ ಸಾವಕಾರ್ರ. ಯಂತ್ರ ತಾನ ತಿಳ್ಕೊಂತೈತಿ ಅಂತ...”

“ಮದುಮಕ್ಕಳನ್ನೂ ಬಿಟ್ಟಿಲ್ಲಲ್ರಿ!” ಅವರ ಹೆಂಡತಿ ಅಡಿಗೆಮನೆಯಿಂದಲೇ ಗುಡುಗಿದರು. “ಮದುವಿ ಮನ್ಯಾಗ ಇದೇನ್ರಿ ಅಪಶಕುನ?”

“ಸುಮ್ನಿರ, ಅವರೂ ನಮ್ಮ ಕೂಡೇ ಬಂದಾರ” ಎಂದು ಬಸಪ್ಪನವರು ಪ್ರೂಫನ್ನು ನನ್ನ ಮುಂದೆ ಹಿಡಿದರು. “ಕಡೀ ಸಾಲು ಓದ್ರಿ.”

ಅಕ್ಷರ ಜೋಡಣೆ: ಲಿಂಗೈಕ್ಯ ಈರಣ್ಣ.

“ಕುಂದರ್ರಿ, ಚಾ ಕುಡೀರಿ” ಎಂದು ನಗುತ್ತ ಜಾಗ ಬಿಟ್ಟರು. ಚಹಾ ಬಂತು. ಅವರ ಹೆಂಡತಿ ನನ್ನದಕ್ಕೆ ಮಾತ್ರ ಸಕ್ಕರೆ ಹಾಕಿರಲಿಲ್ಲ. ಹೋದವನು ಬಾಯಿ ಬಿಡುವುದೆಂತು? ಸುಮ್ಮನೆ ಕುಡಿದೆ.