ನಮ್ಮೂರಿನ ಏಕೈಕ ಸಾರ್ವಜನಿಕರು

ಹನಗೋಡಿಗೆ ಎರಡು ಮೈಲಿ ಈಚೆ ಇರುವ ನಮ್ಮ ಹೊಸಕೊಪ್ಪಲಿನಲ್ಲಿ ಮನೆಗಳು ನಲವತ್ತೆರಡು, ಸುದ್ದಿವಾಹಿನಿಗಳು ನಲವತ್ತೊಂದು. ವಾಹಿನಿ ಇಲ್ಲದ ಒಂದೇ ಮನೆ ರಾಮಮ್ಮನವರದು. ಅವರಲ್ಲಿರುವುದು ಬಟನ್ ಫೋನು. ಆದಕಾರಣ ಊರಿನ ಸಾರ್ವಜನಿಕರು ಎಂದು ಅವರೊಬ್ಬರನ್ನೇ ಪರಿಗಣಿಸಲಾಗಿದೆ. ಈ ವರದಿ ಬರೆಯುತ್ತಿರುವ ನಾನು 'ತೀರ್ಥ ಧ್ವನಿ'ಯ ಸಂಪಾದಕ, ವರದಿಗಾರ ಮತ್ತು ಬಹುಪಾಲು ವೀಕ್ಷಕ.

ಸುದ್ದಿ ಮಾತ್ರ ಒಂದೇ ಇತ್ತು. ರಾಮಮ್ಮನ ಮನೆ ಮುಂದೆ ಪೈಪು ಒಡೆದು ಮೂರು ತಿಂಗಳಿಂದ ನೀರು ಆಳೆತ್ತರ ಚಿಮ್ಮುತ್ತಿತ್ತು. ಅವರ ನಲ್ಲಿಯಲ್ಲಿ, ಹಾಗೆ ನೋಡಿದರೆ ಊರಿನ ಯಾರ ನಲ್ಲಿಯಲ್ಲೂ, ಒಂದು ತೊಟ್ಟೂ ಇಲ್ಲ. ಚಿಮ್ಮುವ ನೀರಿಗೆ ಕೊಡ ಹಿಡಿದರೆ ದೃಶ್ಯ ಕೆಡುತ್ತದೆಂದು ನಾವು ವಿನಂತಿಸಿದ್ದರಿಂದ, ಆಯಮ್ಮ ಎಪ್ಪತ್ತರ ಮಂಡಿ ಎಳೆದುಕೊಂಡು ಶಾಲೆ ಹತ್ತಿರದ ಬೋರ್‌ವೆಲ್‌ಗೆ ಹೋಗಿ ಬರುತ್ತಿದ್ದರು. ಬಂದ ಮೇಲೆ ಜಗಲಿಯಲ್ಲಿ ಕೂತು, ತಮಗೆ ಏನನ್ನಿಸುತ್ತಿದೆ ಎಂದು ನಲವತ್ತೊಂದು ಸಲ ಹೇಳಬೇಕಿತ್ತು. ಮೂವತ್ತೇಳನೆಯವನಾದ ನನ್ನ ಸರದಿ ಬರುವಷ್ಟರಲ್ಲಿ ಅವರ ಅನಿಸಿಕೆ "ಮೊದ್ಲು ಯೋಳಿದ್ದನ್ನೇ ಆಕ್ಕೊಳ್ಳಿ" ಎಂಬಲ್ಲಿಗೆ ಬಂದು ನಿಂತಿರುತ್ತಿತ್ತು.

ಪೈಪು ಸರಿಮಾಡಬೇಕಾದವನು ನೀರುಗಂಟಿ ದೇವಯ್ಯ. ಅವನದೇ 'ಗಂಗಾ ನ್ಯೂಸ್', ಊರಿಗೆಲ್ಲ ಹೆಚ್ಚು ವೀಕ್ಷಕರಿರುವ ವಾಹಿನಿ. ನಿಷ್ಪಕ್ಷಪಾತಿ ಮನುಷ್ಯ. ನೀರುಗಂಟಿಯ ಪ್ರತಿಕ್ರಿಯೆ ಕೇಳಲು ನೇರಪ್ರಸಾರದಲ್ಲೇ ತನ್ನ ನಂಬರಿಗೆ ತಾನೇ ಫೋನು ಮಾಡಿದ. ಬ್ಯುಸಿ ಬಂತು. ಸಂಬಂಧಪಟ್ಟವರು ಕರೆ ಸ್ವೀಕರಿಸದೆ ಉಡಾಫೆ ತೋರಿದ್ದಾರೆಂದು ತನ್ನನ್ನು ತಾನೇ ಕಟುವಾಗಿ ಖಂಡಿಸಿದ. ಅವತ್ತು ಅವನಿಗೆ ಎಂಟುನೂರು ಲೈಕು ಬಿದ್ದವು. ನನಗೆ ಹೊಟ್ಟೆ ಉರಿಯಿತು, ಮುಚ್ಚುಮರೆ ಯಾಕೆ?

ಇಂಥದರಲ್ಲಿ ಒಂದು ಮುಂಜಾನೆ, ನಾವಿನ್ನೂ ಹಲ್ಲುಜ್ಜುತ್ತಿರುವಾಗ, ರಾಮಮ್ಮ ಹಳೇ ಸೈಕಲ್ ಟ್ಯೂಬು ತಂದು ಪೈಪಿಗೆ ಬಿಗಿಯಾಗಿ ಸುತ್ತಿಬಿಟ್ಟರು. ನಲ್ಲಿಯಲ್ಲಿ ನೀರು ಬಂತು. ಊರಿನಲ್ಲಿ ಸುದ್ದಿ ನಿಂತುಹೋಯಿತು. ನಲವತ್ತೊಂದು ಜನ ಫೋನು ಹಿಡಿದುಕೊಂಡು ಒಣಗಿದ ನೆಲ ನೋಡುತ್ತಾ ನಿಂತೆವು.

ಪಂಚಾಯ್ತಿ ಮೆಂಬರ್ ಶಿವನಂಜಪ್ಪನವರು ('ಕೊಪ್ಪಲು ಟಿವಿ') ಮಧ್ಯಾಹ್ನದೊಳಗೆ ನೋಟಿಸು ಹೊರಡಿಸಿದರು: "ತಾವು ಯಾರ ಅನುಮತಿಯನ್ನೂ ಪಡೆಯದೆ, ಊರಿಗೆ ಸೇರಿದ ಸುದ್ದಿಯೊಂದನ್ನು ಸೈಕಲ್ ಟ್ಯೂಬಿನಿಂದ ಬಿಗಿದಿರುವುದು ಕಂಡುಬಂದಿದೆ. ಸದರಿ ಸುದ್ದಿಯನ್ನು ಮೊದಲಿನ ಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ತಮ್ಮ ನಲ್ಲಿ ಸಂಪರ್ಕವನ್ನು ಖಾಯಂ ಆಗಿ ಕಡಿತಗೊಳಿಸಲಾಗುವುದು."

ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಸಾರ್ವಜನಿಕರು ನೂರಕ್ಕೆ ನೂರು ಹಾಜರಿದ್ದರು. ಅಂದರೆ ರಾಮಮ್ಮ ಬಂದಿದ್ದರು. ಆಯಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಎಲೆಅಡಿಕೆ ಉಗಿದು ಬಂದು ಹೇಳಿದರು.

"ಬಿಚ್ತೀನಿ ಕಣ್ರಪ್ಪ. ನೀರಿಲ್ಲ ಅಂತ ಅಳ್ತೀನಿ, ಬೇಕಾದ್ರೆ ಎದೇನೂ ಬಡ್ಕೋತೀನಿ. ಆದ್ರೆ ನೀರು ಒರಾಕೆ ನನ್ನ ಮಂಡೀಲಿ ಆಗಾಕಿಲ್ಲ. ಮಾತು ಬೇಕಾದೋರು ಒಂದೊಂದು ಕೊಡ ತಂದಾಕಿ, ಮಾತು ಈಸ್ಕೊಂಡೋಗಿ."

ಇದು ಪತ್ರಿಕಾಧರ್ಮಕ್ಕೆ ವಿರುದ್ಧವೆಂದು ದೇವಯ್ಯ ಆಕ್ಷೇಪವೆತ್ತಿದ. ನೀರು ಲಂಚದ ವ್ಯಾಖ್ಯೆಯಲ್ಲಿ ಬರುವುದಿಲ್ಲವೆಂದು ಶಿವನಂಜಪ್ಪನವರು ತೀರ್ಪು ಕೊಟ್ಟರು. ಚಿಮ್ಮುವ ನೀರಿಗೆ ವರದಿಗಾರರೂ ಕೊಡ ಹಿಡಿಯುವಂತಿಲ್ಲ, ಬೋರ್‌ವೆಲ್ಲಿಂದಲೇ ತರಬೇಕು ಎಂಬ ಉಪನಿಯಮ ಸೇರಿಸಿ ನಿರ್ಣಯವನ್ನು ಅಂಗೀಕರಿಸಲಾಯಿತು. ಟ್ಯೂಬು ಬಿಚ್ಚಿದಾಗ ನೀರು ಮೊದಲಿಗಿಂತ ಒಂದಡಿ ಮೇಲಕ್ಕೇ ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಈಗ ಸುದ್ದಿಲೋಕ ಸುಸೂತ್ರವಾಗಿದೆ. ಬೆಳಗಾಗುತ್ತಲೇ ನಲವತ್ತೊಂದು ಸಂಪಾದಕರು ಹೆಗಲ ಮೇಲೆ ಕೊಡ ಹೊತ್ತು ಸಾಲಾಗಿ ಹೊರಡುತ್ತೇವೆ. ಕೊಡಕ್ಕೆ ಪ್ರೆಸ್ ಎಂಬ ಸ್ಟಿಕ್ಕರ್ ಕಡ್ಡಾಯ. ರಾಮಮ್ಮನ ಮನೆಯ ಹಂಡೆ, ಬಾನಿ, ತೊಟ್ಟಿ ತುಂಬಿ, ಹಿತ್ತಿಲಲ್ಲಿ ಕುಂಬಳಬಳ್ಳಿ ಬೇಲಿ ದಾಟಿದೆ. ನಮ್ಮ ನಮ್ಮ ಮನೆಗಳಿಗೆ ನೀರು ತರಲು ಯಾರಿಗೂ ಬಿಡುವಿಲ್ಲ. ಅದು ಸುದ್ದಿಯಲ್ಲ, ಬಿಡಿ.

ಇವತ್ತು ನನ್ನ ಸರದಿ ಬಂದಾಗ ಕೊಡ ಇಳಿಸಿ, ಫೋನು ಎತ್ತಿ, ನೀರಿನ ಪರಿಸ್ಥಿತಿ ಹೇಗಿದೆಯೆಂದು ಕೇಳಿದೆ. ರಾಮಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡು, ನಲ್ಲೀಲಿ ಒಂದು ತೊಟ್ಟೂ ಇಲ್ಲ ಸ್ವಾಮಿ, ಬಡವರ ಗೋಳು ಕೇಳೋರ್ಯಾರು ಎಂದರು. ನನಗೆ ನಿಜವಾಗಿಯೂ ಅಳು ಬಂತು. ಹೆಗಲು ಬೇರೆ ನೋಯುತ್ತಿತ್ತು.

ನಾನು ಫೋನು ಇಳಿಸಿದ ಮೇಲೆ ಅವರು ಒಳಗೊಮ್ಮೆ ನೋಡಿ ಹೇಳಿದರು.

"ಒಳ್ಗೆ ಜಾಗ ಇಲ್ಲ ಕಣಪ್ಪ. ಕುಂಬಳದ ಬುಡಕ್ಕೆ ಉಯ್ದೋಗು."