ಏಣಿ ಅಂಗಡಿಗೆ ಬಂದ ಮುನ್ನೂರ ಹನ್ನೆರಡು ಮಂದಿ

ಮೌಸಪ್ಪ ಆ ದಿನ ಬೆಳಗ್ಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವವರ ಜಾತಿಗೆ ಸೇರಿದವನು ಅವನು.

ಮೌಸಪ್ಪ ಎನ್ನುವುದು ಅವನ ಹೆಸರಲ್ಲ. ಏಣಿ ಮಾರುವ ಅಂಗಡಿಯಲ್ಲಿ ಆರು ವರ್ಷ ಏಣಿಗಳನ್ನು ಹೆಗಲ ಮೇಲೆ ಹೊತ್ತು ಗಿರಾಕಿಗಳ ಮನೆಗೆ ಮುಟ್ಟಿಸಿದವನು. ಮೂರು ತಿಂಗಳ ಹಿಂದೆ ಯಜಮಾನರು ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದರು. ಅಲ್ಲಿದ್ದವರಲ್ಲಿ ಎರಡು ಬೆರಳಿನಿಂದಾದರೂ ಟೈಪ್ ಮಾಡಬಲ್ಲವನು ಇವನೊಬ್ಬನೇ. ಹೀಗಾಗಿ ಮಹಡಿಯ ಮೇಲೊಂದು ಕೋಣೆ, ಫ್ಯಾನು, ಕಂಪ್ಯೂಟರು, ಒರಗಲು ಬೆನ್ನಿರುವ ಕುರ್ಚಿ ಎಲ್ಲ ಒಟ್ಟಿಗೆ ಒಲಿದವು. ಗೋದಾಮಿನ ಮೇಸ್ತ್ರಿ ಹೊಟ್ಟೆಯುರಿಯಿಂದ 'ಮೌಸಪ್ಪ' ಎಂದು ಹೆಸರಿಟ್ಟ. ಇವನಿಗೆ ಬೇಸರವಾಗಲಿಲ್ಲ. ಹೆಗಲ ಮೇಲೆ ಏಣಿ ಇಲ್ಲದಿದ್ದರೆ ಸಾಕು, ಯಾವ ಹೆಸರಾದರೂ ಆದೀತು.

ಅಂದು ಬೆಳಗ್ಗೆ ಯಜಮಾನರು ವೆಬ್‌ಸೈಟಿನ ಹಿಂದಿನ ದಿನದ ವರದಿಯ ಹಾಳೆ ಹಿಡಿದುಕೊಂಡು ಮಹಡಿ ಹತ್ತಿದರು. ಮುಖ ಅರಳಿತ್ತು.

"ಮುನ್ನೂರ ಹನ್ನೆರಡು! ಭೇಷ್ ಕಣಯ್ಯ! ಆದ್ರೆ ಒಂದು ಅನುಮಾನ. ನಾನು ನಿನ್ನೆ ದಿನವಿಡೀ ಕೆಳಗೇ ಕೂತಿದ್ದೆ. ಬಂದಿದ್ದು ಇಬ್ರು. ಅದರಲ್ಲೊಬ್ಬ ಬಿಸಿಲಿಗೆ ನೆರಳು ಹುಡುಕ್ಕೊಂಡು ಬಂದೋನು. ಉಳಿದೋರೆಲ್ಲ ಎಲ್ಲಿ ಹೋದ್ರು?"

ಇಲ್ಲಿ ಮೌಸಪ್ಪ "ಬರ್ತಾರೆ ಯಜಮಾನ್ರೇ" ಎಂದಿದ್ದರೆ ಮುಗಿಯುತ್ತಿತ್ತು. ಅವನು ವಿವರಿಸಲು ಹೊರಟ.

"ಅದು ಜನ ಅಲ್ಲ ಯಜಮಾನ್ರೇ, ಪುಟ. ಒಟ್ಟು ಮುನ್ನೂರ ಹನ್ನೆರಡು ಸಲ ಪುಟ ತೆರೆದಿದ್ದಾರೆ ಅಂತ. ಬಂದ ಜನ ಒಂಬತ್ತು."

"ಒಂಬತ್ತಾ?"

"ಅದರಲ್ಲಿ ಏಳು ಜನ ಮೊದಲ ಪುಟ ನೋಡಿ ಹಾಗೇ ವಾಪಸ್ಸು."

"ಅಂದ್ರೆ ಹೋದ ಪುಟ್ಟ ಬಂದ ಪುಟ್ಟ ಅನ್ನು. ಉಳಿದಿಬ್ರು?"

"ಒಬ್ಬರು ಐದು ಪುಟ ನೋಡಿದ್ದಾರೆ. ಇನ್ನೊಬ್ಬರು ಮುನ್ನೂರು."

"ಮುನ್ನೂರು! ಯಾರಪ್ಪ ಆ ಪುಣ್ಯಾತ್ಮ?"

ಮೌಸಪ್ಪ ಮೌಸನ್ನು ನೋಡಿದ. "ನಾನೇ. ಯಾರಾದ್ರೂ ಬಂದ್ರಾ ಅಂತ ಆಗಾಗ ತೆರೆದು ನೋಡ್ತಿದ್ದೆ."

ಯಜಮಾನರ ಮುಖ ನಿಧಾನವಾಗಿ ಬಾಡಿತು. ಸಂಜೆ ಆರರೊಳಗೆ ಈ ವೆಬ್‌ಸೈಟಿನಿಂದ ಏನಾದರೂ ಗುಣ ಕಾಣದಿದ್ದರೆ ಅದನ್ನು ಮುಚ್ಚಿಸುವುದಾಗಿ, ಮೌಸಪ್ಪ ನಾಳೆಯಿಂದ ಮತ್ತೆ ಏಣಿ ಹೊರುವುದಾಗಿ ತೀರ್ಪು ಕೊಟ್ಟು ಇಳಿದು ಹೋದರು. ಗೋದಾಮಿಗೆ ಸುದ್ದಿ ಮುಟ್ಟಲು ಎರಡು ನಿಮಿಷ ಸಾಕಾಯಿತು. ಮೇಸ್ತ್ರಿ ಮೇಲೆ ಬಂದು ಅವನ ಹೆಗಲನ್ನು ಹಿಸುಕಿ ನೋಡಿದ.

"ಮೆತ್ತಗಾಗಿಬಿಟ್ಟಿದೆ ಕಣೋ. ಮೊದಲ ಎರಡು ದಿನ ಕಷ್ಟ ಆಗುತ್ತೆ."

ಮೌಸಪ್ಪನಿಗೆ ನಿಜಕ್ಕೂ ಅಳು ಬಂತು. ಈ ಕುರ್ಚಿಗೆ ಬಂದ ಮೇಲೆಯೇ ಹೆಗಲ ನೋವು ಇಳಿದು ಅವನು ರಾತ್ರಿ ಎಡಕ್ಕೆ ಹೊರಳಿ ಮಲಗುವುದನ್ನು ಮತ್ತೆ ಕಲಿತದ್ದು. ಹೆಂಡತಿಗೆ ಫೋನ್ ಮಾಡಿದ. "ನಮ್ಮ ಬೀದಿಯೋರಿಗೆಲ್ಲ ಹೇಳು ಮಾರಾಯ್ತಿ, ವೆಬ್‌ಸೈಟ್ ಒಂದ್ಸಲ ತೆರೀಲಿ. ನನ್ನ ಮಾನ ನಿನ್ನ ಕೈಲಿದೆ."

ಹೆಂಡತಿ ನೇರ ಎದುರುಮನೆಯ ನಿವೃತ್ತ ಮೇಷ್ಟ್ರ ಬಳಿ ಹೋದಳು. ಮೂವತ್ತೈದು ವರ್ಷ ಹಾಜರಿ ಕೂಗಿದವರು, ಈಗ ಕೂಗಲು ಯಾರೂ ಇಲ್ಲದೆ ಸೊರಗಿದ್ದರು. ಕೆಲಸ ಸಿಕ್ಕಿದ್ದೇ ತಡ, ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೊರಟರು. ಹನ್ನೊಂದು ಗಂಟೆಗೆ ಪರದೆಯ ಮೇಲೆ ಅರವತ್ತನಾಲ್ಕು ಜನ! ಮೌಸಪ್ಪ ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದ.

ಆದರೆ ಬೆಳಗ್ಗಿನ ಪಾಠ ಯಜಮಾನರ ತಲೆಗೆ ಚೆನ್ನಾಗಿಯೇ ಹತ್ತಿತ್ತು. "ಸರಿ. ಅದರಲ್ಲಿ ಹೋದ ಪುಟ್ಟ ಬಂದ ಪುಟ್ಟ ಎಷ್ಟು?"

ಮೌಸಪ್ಪ ಮತ್ತೆ ಹತ್ತಿ ನೋಡಿ ಇಳಿದು ಬಂದ. "ಅರವತ್ತನಾಲ್ಕು."

ಬೀದಿಯವರೆಲ್ಲ ಮರ್ಯಾದಸ್ಥರು. ಪರರ ಅಂಗಡಿಯಲ್ಲಿ ಸುಮ್ಮನೆ ನಿಲ್ಲಬಾರದೆಂದು ಬಾಗಿಲು ತೆರೆದ ಕೂಡಲೇ ಮುಚ್ಚಿಕೊಂಡು ಬಂದಿದ್ದರು.

"ತಕ್ಷಣ ಮುಚ್ಚಬಾರದು ಮೇಷ್ಟ್ರೇ!" ಎಂದು ಮೌಸಪ್ಪ ಫೋನಿನಲ್ಲಿ ಗೋಗರೆದ. "ಸ್ವಲ್ಪ ಹೊತ್ತು ಒಳಗಿರಬೇಕು. ಒಂದು ಪುಟ ಆದ್ಮೇಲೆ ಇನ್ನೊಂದು ಪುಟಕ್ಕೆ ಹೋಗ್ಬೇಕು."

"ಎಷ್ಟು ಹೊತ್ತು ಅಂತ ಮೊದಲೇ ಸರಿಯಾಗಿ ಹೇಳ್ಬೇಕಪ್ಪ. ಪಿರಿಯಡ್ಡು ಎಷ್ಟು ನಿಮಿಷದ್ದು ಅಂತ ಗೊತ್ತಿಲ್ದೆ ಪಾಠ ಮಾಡೋದು ಹೇಗೆ?" ಎಂದು ಗದರಿದ ಮೇಷ್ಟ್ರು ಉಳಿದದ್ದನ್ನು ತಾವೇ ನಿರ್ಧರಿಸಿದರು. ಬೀದಿಯ ಹೆಂಗಸರು ಒಂದು ಪುಟ ತೆರೆದಿಟ್ಟು ಬಟ್ಟೆ ಒಗೆದರು, ಬಂದು ಮುಂದಿನ ಪುಟ ಒತ್ತಿ ನೆಲ ಒರೆಸಿದರು. ಟೈಲರ್ ಅಕ್ಕ ಒಂದು ಪುಟಕ್ಕೊಂದು ತೋಳು ಹೊಲಿದಳು. ಮೂರು ಗಂಟೆಗೆ ಒಬ್ಬೊಬ್ಬರು ಒಳಗಿದ್ದ ಸರಾಸರಿ ಹೊತ್ತು ಇಪ್ಪತ್ತಾರು ನಿಮಿಷ.

ಯಜಮಾನರು ಖುಷಿಪಡುವ ಬದಲು ಬೆವರಿದರು.

"ಇಪ್ಪತ್ತಾರು ನಿಮಿಷ ಏಣೀನ ಯಾರಯ್ಯ ನೋಡ್ತಾರೆ? ಹತ್ತಿ ಇಳಿದ್ರೂ ಅಷ್ಟು ಹೊತ್ತು ಬೇಡ. ಕಳ್ಳರು ಕಣಯ್ಯ! ಅರವತ್ತನಾಲ್ಕು ಜನ ಕಳ್ಳರು ಏಣಿ ಆರಿಸ್ತಾ ಕೂತಿದ್ದಾರೆ!"

"ಅಯ್ಯೋ, ಹಾಗಲ್ಲ ಯಜಮಾನ್ರೇ, ಒಳ್ಳೇ ಸಂಸಾರಸ್ಥರು."

"ನಿಂಗ್ಹೇಗೆ ಗೊತ್ತು?"

ಮೌಸಪ್ಪ ನಾಲಿಗೆ ಕಚ್ಚಿಕೊಂಡ.

"ನೋಡು," ಎಂದರು ಯಜಮಾನರು, "ಬಂದೋರೆಷ್ಟು, ಕೂತೋರೆಷ್ಟು, ಇದೆಲ್ಲ ಕಟ್ಕೊಂಡು ನಂಗೇನಾಗ್ಬೇಕು? ಬಂದೋರಲ್ಲಿ ಏಣಿ ಬೇಕು ಅಂದೋರೆಷ್ಟು? ಆ ಲೆಕ್ಕ ಇದ್ಯಾ ಅದರಲ್ಲಿ?"

ಇತ್ತು. ಪ್ರತಿ ಏಣಿಯ ಚಿತ್ರದ ಕೆಳಗೆ 'ಬೇಕು' ಎಂಬ ಗುಂಡಿಯಿತ್ತು. ಈ ಮೂರು ತಿಂಗಳಲ್ಲಿ ಅದನ್ನು ಒತ್ತಿದವರು ಸೊನ್ನೆ. ಗಡಿಯಾರ ನಾಲ್ಕು ದಾಟಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಮೇಸ್ತ್ರಿ ಅಂಗಳದಲ್ಲಿ ಹದಿನಾರು ಅಡಿಯದೊಂದು ಏಣಿಯನ್ನು ಒರೆಸಿಡುತ್ತಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೌಸಪ್ಪ ಮತ್ತೆ ಫೋನೆತ್ತಿದ.

"ಮೇಷ್ಟ್ರೇ, ಕೊನೇದು. 'ಬೇಕು' ಅಂತ ಒಂದು ಗುಂಡಿ ಇದೆ. ಸುಮ್ನೆ ಅದನ್ನ ಒತ್ತಿಸಿಬಿಡಿ. ಏನೂ ಆಗಲ್ಲ."

"ಅದು ಹೆಸರು, ವಿಳಾಸ ಕೇಳುತ್ತಲ್ಲಪ್ಪ?"

"ಏನಾದ್ರೂ ಬರೀರಿ!"

"ಏನಾದ್ರೂ ಬರಿಯೋದಾ? ಜೀವಮಾನದಲ್ಲಿ ಒಬ್ಬ ಹುಡುಗನಿಗೂ ಸುಳ್ಳು ಬರೀ ಅಂತ ಹೇಳಿಕೊಟ್ಟೋನಲ್ಲ ನಾನು. ಸರಿಯಾಗೇ ಬರೆಸ್ತೀನಿ ಬಿಡು."

ಐದೂವರೆಗೆ ಕೆಳಗಿನಿಂದ ಯಜಮಾನರ ಕೂಗು ಕೇಳಿಸಿತು. ಅವರ ಫೋನಿಗೆ ನಲವತ್ತೊಂದು ಬೇಡಿಕೆಗಳು ಬಂದು ಬಿದ್ದಿದ್ದವು. ಅಂಗಡಿ ತೆರೆದ ದಿನದಿಂದ ಒಂದೇ ದಿನ ಇಷ್ಟು ಜನ ಏಣಿ ಕೇಳಿದ್ದೇ ಇಲ್ಲ. ಮೌಸಪ್ಪ ಇಳಿದು ಬಂದ ಕೂಡಲೇ ಅವರು ಅವನನ್ನು ತಬ್ಬಿಕೊಂಡರು, ಬೆನ್ನು ತಟ್ಟಿದರು, ಕಣ್ಣೊರೆಸಿಕೊಂಡರು.

"ಆ ಕುರ್ಚಿ ಇನ್ನು ನಿಂದೇ ಕಣಯ್ಯ. ಯಾರೂ ನಿನ್ನ ಎಬ್ಬಿಸೋ ಹಾಗಿಲ್ಲ."

ಮೌಸಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಮೇಸ್ತ್ರಿ ಯಜಮಾನರ ಹೆಗಲಾಚೆಯಿಂದ ಪಟ್ಟಿಯನ್ನು ಓದತೊಡಗಿದ್ದ.

"ಎಲ್ಲಾ ಒಂದೇ ಬೀದೀದು ಯಜಮಾನ್ರೇ. ಇದು ನಮ್ಮ ಮೌಸಪ್ಪನ ಬೀದಿ ಅಲ್ವಾ? ಅಗೋ, ಹದಿನೇಳನೇದು ಅವನ ಮನೆಯಾಕೇದೇ!"

ಮೌಸಪ್ಪ ಕಣ್ಣು ಮುಚ್ಚಿದ. ಮುಗಿಯಿತು ಎಂದುಕೊಂಡ. ಆದರೆ ಯಜಮಾನರ ಸಂತೋಷ ಇಮ್ಮಡಿಯಾಗಿತ್ತು.

"ನೋಡಿದ್ಯಾ ನಿಷ್ಠೆ ಅಂದ್ರೆ! ಮನೆಯಿಂದಲೇ ಶುರು ಮಾಡಿದ್ದಾನೆ! ಇಂಥಾ ಗಿರಾಕಿಗಳನ್ನ ಕಾಯಿಸ್ಬಾರ್ದು. ಇವತ್ತೇ ಮುಟ್ಟಿಸೋಕೆ ಶುರು ಮಾಡ್ಬೇಕು. ಆ ಬೀದಿಗೆ ಗಾಡಿ ಹೋಗುತ್ತಾ?"

"ಎಲ್ಲೀದು? ಇಬ್ರು ಎದುರುಬದುರು ಬಂದ್ರೆ ಒಬ್ಬ ಗೋಡೆಗೆ ಒರಗ್ಬೇಕು," ಎಂದ ಮೇಸ್ತ್ರಿ, ತುಂಬ ಸಮಾಧಾನದಿಂದ. "ಹೊತ್ಕೊಂಡೇ ಹೋಗ್ಬೇಕು. ಒಂದೊಂದಾಗಿ. ಮನೆಮನೆ ಪರಿಚಯ ಇದ್ದೋರೇ ಆಗ್ಬೇಕು."

ಇಬ್ಬರೂ ಮೌಸಪ್ಪನ ಕಡೆ ತಿರುಗಿದರು. ನಿಜ ಹೇಳಿದರೆ ಕುರ್ಚಿ ಹೋಗಿ ಏಣಿ ಬರುತ್ತದೆ. ಹೇಳದಿದ್ದರೆ ಕುರ್ಚಿ ಮೇಲಿರುತ್ತದೆ, ಏಣಿ ಹೆಗಲ ಮೇಲಿರುತ್ತದೆ. ಅತ್ತ ದರಿ, ಇತ್ತ ಪುಲಿ. ಅವನು ಹೆಗಲು ಕೊಟ್ಟ.

ಹೊತ್ತು ಮುಳುಗುವ ಮುನ್ನ ಹದಿನಾರು ಅಡಿಯ ಏಣಿ ಹೊತ್ತು, ಏದುಸಿರು ಬಿಡುತ್ತ, ಪಟ್ಟಿಯಲ್ಲಿ ಮೊದಲಿದ್ದ ಮೇಷ್ಟ್ರ ಮನೆ ಮುಂದೆ ನಿಂತ. ಮೇಷ್ಟ್ರು ನೋಟ್‌ಬುಕ್ ಹಿಡಿದೇ ಹೊರಬಂದರು.

"ಇದು ಯಾರಿಗಪ್ಪ?"

"ನಿಮಗೇ ಮೇಷ್ಟ್ರೇ."

"ನಂಗ್ಯಾಕೆ? ನಂದು ತಾರಸಿಗೆ ಮೆಟ್ಟಿಲಿದೆ. ನೀನು ಒತ್ತು ಅಂದೆ, ನಾನು ಒತ್ತಿದೆ, ಅಷ್ಟೇ."

ಮೌಸಪ್ಪ ಏಣಿಯನ್ನು ಇನ್ನೊಂದು ಹೆಗಲಿಗೆ ದಾಟಿಸಿದ. ಅವನ ಮುಖ ನೋಡಿ ಮೇಷ್ಟ್ರಿಗೆ ಕರುಳು ಚುರುಕ್ಕೆಂದಿತು. ಹತ್ತಿರ ಬಂದು, ಏಣಿ ಇಲ್ಲದ ಹೆಗಲನ್ನು ಹುಡುಕಿ ತಟ್ಟಿದರು.

"ನಲವತ್ತೊಂದು ಸಾಕಾಗ್ಲಿಲ್ಲ ಅನ್ಸುತ್ತೆ ನಿಮ್ಮ ಯಜಮಾನ್ರಿಗೆ, ಮತ್ತೆ ಏಣಿ ಹೊರಿಸಿಬಿಟ್ಟಿದ್ದಾರೆ. ನೀನೇನೂ ಚಿಂತೆ ಮಾಡ್ಬೇಡಪ್ಪ. ಪಕ್ಕದ ಬೀದೀಲೂ ಒತ್ತಿಸೋಕೆ ಹೇಳಿ ಈಗಷ್ಟೇ ಬಂದೆ. ಅಲ್ಲಿ ಎಲ್ಲ ಮೂರು ಮಹಡಿ ಮನೆಗಳು. ಇಪ್ಪತ್ನಾಲ್ಕು ಅಡೀದನ್ನೇ ಒತ್ತಿ ಅಂದಿದ್ದೀನಿ."